ವೃದ್ಧಪೋಷಣೆಯ ಹೊಣೆ: ಮಿತಾಕ್ಷರದಿಂದ ಇಂದಿನ ಕಾಯಿದೆಯವರೆಗೆ

ಮುಪ್ಪಿನ ತಂದೆತಾಯಿಗಳ ಪೋಷಣೆ ಯಾರ ಹೊಣೆಯೆಂಬ ಪ್ರಶ್ನೆ ಮೆಣಸಗಿಯನ್ನೊಳಗೊಂಡ ರೋಣದ ಸೀಮೆಗೆ ಹೊಸತಲ್ಲ. ಈ ಸೀಮೆಯನ್ನಾಳಿದ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯದಲ್ಲಿ ವಿಜ್ಞಾನೇಶ್ವರನು ರಚಿಸಿದ ‘ಮಿತಾಕ್ಷರ’ವು ಅದನ್ನು ಗೃಹಸ್ಥನ ತಪ್ಪಿಸಲಾಗದ ಕರ್ತವ್ಯವೆಂದೆಣಿಸಿತು. ೧೯೫೬ರ ಹಿಂದೂ ದತ್ತಕ ಹಾಗೂ ಜೀವನಾಂಶ ಕಾಯಿದೆಯು ಮಗನೊಡನೆ ಮಗಳನ್ನೂ ಹೊಣೆಗಾರಳನ್ನಾಗಿಸಿತು. ಹಿರಿಯ ನಾಗರಿಕರ ಪೋಷಣೆಗಾಗಿ ೨೦೦೭ರಲ್ಲಿ ಬಂದ ಕಾಯಿದೆಯು ಮತಭೇದವೆಣಿಸದೆ ವಯಸ್ಕರಾದ ಮೊಮ್ಮಕ್ಕಳನ್ನೂ ಸೇರಿಸಿತು. ಅನ್ನ, ವಸ್ತ್ರ, ವಸತಿ, ಔಷಧೋಪಚಾರಗಳು ಈ ಎರಡೂ ಕಾಯಿದೆಗಳ ಜೀವನಾಂಶದಲ್ಲಿ ಅಡಕವಾಗಿವೆ.

ಆದರೆ ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವ, ಗಂಜಿ ಕುಡಿಸುವ, ಇರುಳೆಲ್ಲ ಎಚ್ಚತ್ತಿರುವ ಕೈ ಅನೇಕ ಮನೆಗಳಲ್ಲಿ ಸೊಸೆಯದು. ೨೦೦೭ರ ಕಾಯಿದೆಯು ‘ಮಕ್ಕಳು’ ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲಿ ಆಕೆ ಬರುವುದಿಲ್ಲ. ಹೊಣೆಯ ಇತಿಹಾಸ ಗ್ರಂಥಗಳಲ್ಲಿ ದೊರೆಯುತ್ತದೆ. ಶುಶ್ರೂಷೆಯ ಇತಿಹಾಸವನ್ನು ಮನೆಮನೆಗಳ ನೆನಪಿನಿಂದ ಸಂಗ್ರಹಿಸುವುದು ಇತಿಹಾಸದ ವಿದ್ಯಾರ್ಥಿಗಳ ಮುಂದಿರುವ ಕಾರ್ಯ.