ಮಣ್ಣಿನಲ್ಲಿಯೂ ಹೊರಗಿನವರಿದ್ದರೇ? ನಮ್ಮ ಸೀಮೆಯ ಪ್ರಾಚೀನ ಸಮಾಧಿಗಳ ಪರಿಚಯ

ಜಹೀರಾಬಾದ್, ನಾರಾಯಣಖೇಡ್ ಹಾಗೂ ತಾಂಡೂರು 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ್ ಮತ್ತು ಗುಲ್ಬರ್ಗಾ ಜಿಲ್ಲೆಗಳಿಗೆ ಸೇರಿದ್ದವು. ಅನಂತರ ರಾಜ್ಯದ ಗಡಿ ಬದಲಾದರೂ ನೆಲದೊಳಗಿನ ಚರಿತ್ರೆ ಒಂದಾಗಿಯೇ ಉಳಿದಿದೆ. ಭೀಮಾ ಮತ್ತು ಕೃಷ್ಣಾ ತೀರಗಳಿಂದ ತೆಲಂಗಾಣದ ಒಳನಾಡಿನವರೆಗೂ ಎರಡು ಮೂರು ಸಾವಿರ ವರ್ಷಗಳಷ್ಟು ಹಳೆಯ ಬೃಹತ್ ಶಿಲಾ ಸಮಾಧಿಗಳು ಹರಡಿಕೊಂಡಿವೆ. ಕನ್ನಡಿಗರು ಇವುಗಳನ್ನು ‘ಮೋರ್ಯರ ಮನೆ’ ಎಂದೂ ತೆಲುಗರು ‘ರಾಕ್ಷಸ ಗುಳ್ಳು’ ಎಂದೂ ಕರೆಯುತ್ತಾರೆ. ಆದರೆ ಅಲ್ಲಿ ಮಲಗಿರುವವರು ನಮ್ಮಂತೆಯೇ ಮನುಷ್ಯರು. ಅವರ ಶವಸಂಸ್ಕಾರ ನಮಗೆ ವಿಚಿತ್ರವಾಗಿ ಕಂಡಾಗ ಅದನ್ನು ಹೇಗೆ ಅರ್ಥೈಸಬೇಕೆಂಬುದೇ ಈ ಲೇಖನದ ವಿಷಯ.

ಜೇವರ್ಗಿಯ ತಲೆಬುರುಡೆಗಳು

ತಾಂಡೂರಿನ ಪಶ್ಚಿಮಕ್ಕೆ, ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮೆಡೋಸ್ ಟೇಲರ್ ಸಮಾಧಿಗಳನ್ನು ಅಗೆಸಿದನು. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ ಆಂಗ್ಲ ಅಧಿಕಾರಿ ಈತ. ದೇಹದಿಂದ ಬೇರ್ಪಟ್ಟ ತಲೆಬುರುಡೆಗಳನ್ನು ಕಂಡು, ಇದು ನರಬಲಿ ಎಂದು ಬರೆದನು. ಮುಂದೆ ದಕ್ಷಿಣ ಭಾರತದ ಇಂತಹ ಅನೇಕ ಸಮಾಧಿಗಳನ್ನು ಅಗೆದಾಗ ಮತ್ತೊಂದು ಪದ್ಧತಿ ಬೆಳಕಿಗೆ ಬಂದಿತು. ಶವವನ್ನು ಮೊದಲು ಬೇರೆಡೆ ಇರಿಸಿ, ಕಾಲಾನಂತರ ಆಯ್ದ ಮೂಳೆಗಳನ್ನು ತಂದು ಕಲ್ಲಿನ ಗೋರಿಯಲ್ಲಿ ಸೇರಿಸುತ್ತಿದ್ದರು. ಹಾಗಿದ್ದಲ್ಲಿ ತಲೆ ಬೇರೆಯಾಗಿರುವುದು ಶಿಕ್ಷೆಯ ಗುರುತಾಗದೆ ಎರಡನೆಯ ಸಂಸ್ಕಾರದ ಗುರುತೂ ಆಗಬಹುದು.

ಇನಾಮಗಾಂವದ ಪಾದಗಳು

ಪುಣೆ ಜಿಲ್ಲೆಯ ಇನಾಮಗಾಂವದಲ್ಲಿ ಡೆಕ್ಕನ್ ಕಾಲೇಜಿನ ವಿದ್ವಾಂಸರು 1968ರಿಂದ 1983ರವರೆಗೆ ಉತ್ಖನನ ನಡೆಸಿದರು. ಅಲ್ಲಿ ವಯಸ್ಕರನ್ನು ಮನೆಯ ನೆಲದಡಿಯಲ್ಲಿಯೇ, ಸಾಮಾನ್ಯವಾಗಿ ಪಾದಗಳನ್ನು ಕತ್ತರಿಸಿ ಹೂಳುತ್ತಿದ್ದರು. ಮಕ್ಕಳನ್ನು ಎರಡು ಗಡಿಗೆಗಳ ಬಾಯಿ ಸೇರಿಸಿ ಅವುಗಳೊಳಗೆ ಇಡುತ್ತಿದ್ದರು. ಸತ್ತವರು ಮನೆ ಬಿಟ್ಟು ಅಲೆಯದಿರಲೆಂದು ಪಾದ ತೆಗೆದಿರಬಹುದೆಂಬುದು ವಿದ್ವಾಂಸರ ಊಹೆ. ಒಬ್ಬ ಪುರುಷನನ್ನು ಮಾತ್ರ ಪಾದಸಮೇತ, ನಾಲ್ಕು ಕಾಲುಗಳಿರುವ ದೊಡ್ಡ ಮಣ್ಣಿನ ಪಾತ್ರೆಯಲ್ಲಿ ಕಾಲು ಮಡಿಸಿ ಕೂರಿಸಿದ್ದರು. ಆತನು ಊರಿನ ಮುಖಂಡನಿರಬೇಕೆಂದು ಭಾವಿಸಲಾಗಿದೆ. ಇಲ್ಲಿ ಎಲ್ಲರಿಗಿಂತ ಭಿನ್ನವಾದ ಸಂಸ್ಕಾರವೇ ಗೌರವದ್ದಾಯಿತು.

ನಮ್ಮ ಊರುಗಳಲ್ಲಿಯೂ ಇದನ್ನು ಕಾಣುತ್ತೇವೆ. ಲಿಂಗಾಯತರು ಶವವನ್ನು ಕುಳಿತ ಭಂಗಿಯಲ್ಲಿ ಸಮಾಧಿ ಮಾಡುತ್ತಾರೆ. ಹಿರಿಯರನ್ನು ದಹಿಸುವ ಅನೇಕ ಮನೆಗಳಲ್ಲಿ ಹಸುಗೂಸುಗಳನ್ನು ಹೂಳುತ್ತಾರೆ. ರೂಢಿಯನ್ನು ಅರಿಯದ ಹೊರಗಿನವನಿಗೆ ಇವೆಲ್ಲವೂ ವಿಚಿತ್ರವೇ.

ಹೊರಗಿಟ್ಟದ್ದಕ್ಕೆ ಸಾಕ್ಷಿ ಯಾವುದು?

ಹಾಗೆಂದು ಪ್ರಾಚೀನರಲ್ಲಿ ಮೇಲು ಕೀಳು ಇರಲಿಲ್ಲವೆಂದು ಹೇಳಲಾಗದು. ಗ್ರೀಸಿನ ಅಥೆನ್ಸ್ ಸಮೀಪದ ಫಾಲಿರೋ ಎಂಬಲ್ಲಿ ಕ್ರಿ.ಪೂ. ಏಳನೆಯ ಶತಮಾನದ ಸುಮಾರು 80 ಅಸ್ಥಿಪಂಜರಗಳು ಸಾಮೂಹಿಕ ಗುಂಡಿಗಳಲ್ಲಿ ಸಾಲಾಗಿ ದೊರೆತವು. ಅನೇಕರ ಮುಂಗೈಗಳಿಗೆ ಕಬ್ಬಿಣದ ಕೋಳವಿತ್ತು. ಅಲ್ಲಿ ದಂಡನೆಯನ್ನು ಕೋಳವೇ ಸಾರುತ್ತದೆ.

ನಮ್ಮ ಕಡೆಯ ಸಾಕ್ಷಿ ಇಷ್ಟು ನೇರವಾದುದಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ನಲ್ಲಿ ಸುಮಾರು 400 ಶಿಲಾ ರಚನೆಗಳಿವೆ. ಹಲವು ಶತಮಾನಗಳಲ್ಲಿ ಸತ್ತವರೆಲ್ಲರಿಗೂ ಅಷ್ಟು ಸಾಲದು. ಒಂದೊಂದು ಚಪ್ಪಡಿಯನ್ನು ಎಬ್ಬಿಸಿ ನಿಲ್ಲಿಸಲು ಬಹುಜನರ ದುಡಿಮೆ ಬೇಕು. ಕಲ್ಲು ಹೊತ್ತವರೆಲ್ಲರಿಗೂ ಕಲ್ಲಿನ ಗೋರಿ ದೊರೆತಿರಲಾರದು. ಆದುದರಿಂದ ಸಮಾಧಿಯನ್ನು ನೋಡುವಾಗ, ಅಲ್ಲಿ ಯಾರಿಲ್ಲ ಎಂಬುದನ್ನೂ ಕೇಳಬೇಕು.

ಇಂದಿನ ಪ್ರಶ್ನೆ

ಈ ಪ್ರಶ್ನೆ ನಮ್ಮ ಕಾಲಕ್ಕೂ ಸಲ್ಲುತ್ತದೆ. ಸ್ಮಶಾನದ ದಾರಿಯಲ್ಲಿ ದಲಿತರ ಶವವನ್ನು ತಡೆಯುವ ಊರುಗಳು ನಮ್ಮ ದೇಶದಲ್ಲಿ ಇನ್ನೂ ಇವೆ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿದೆ. 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯು, 2015ರ ತಿದ್ದುಪಡಿಯ ಅನಂತರ, ಸ್ಮಶಾನವನ್ನು ಸಮಾನವಾಗಿ ಬಳಸದಂತೆ ಅಡ್ಡಿಪಡಿಸುವುದನ್ನು ಸ್ಪಷ್ಟವಾಗಿ ಅಪರಾಧವೆಂದು ಸಾರಿದೆ.

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ. ಹೊಲದಂಚಿನಲ್ಲಿ ವೃತ್ತಾಕಾರವಾಗಿ ನೆಟ್ಟ ಕಲ್ಲುಗಳು ಕಂಡರೆ ನಿಧಿಯಾಸೆಯಿಂದ ಅಗೆಯಗೊಡದಿರಿ. ಕಿತ್ತ ಮೇಲೆ ಮೂಳೆಯ ಕಥೆ ಮರಳಿ ಬಾರದು. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಕನ್ನಡದಲ್ಲಿಯೇ ವಿವರಿಸಿರಿ. ಹಿಂದಿರುಗುವಾಗ ಊರಿನ ಸ್ಮಶಾನವನ್ನೂ ತೋರಿಸಿ, ಅಲ್ಲಿ ಯಾರಿಗೆ ಸ್ಥಳವಿದೆ, ಯಾರಿಗಿಲ್ಲ ಎಂದು ಅವರೇ ಕೇಳುವಂತೆ ಮಾಡಿರಿ.