ವಿಮಾನ ಎಳೆದ ಗಾಡಿ ಹುಲಿಕಲ್ ಘಾಟಿ ಹತ್ತೀತೇ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆ ಮೂಟೆ, ಗೊಬ್ಬರ ಸಾಗಿಸಲು ಪಿಕಪ್ ಕೊಳ್ಳುವವರಲ್ಲಿ ಹೆಚ್ಚಿನವರು ಸಾಲ ಮಾಡಿಯೇ ಕೊಳ್ಳುವುದು. ಜಾಹೀರಾತಿನ ಗಾಡಿ ವಿಮಾನವನ್ನೋ ರೈಲನ್ನೋ ಎಳೆಯುವುದನ್ನು ಕಂಡರೆ ‘ಇದಕ್ಕೆ ನಮ್ಮ ಘಾಟಿ ಯಾವ ಲೆಕ್ಕ’ ಅನ್ನಿಸುವುದು ಸಹಜ. ಇಂಥ ಬಲಪ್ರದರ್ಶನಕ್ಕೆ ಹಳೆಯ ಚರಿತ್ರೆಯಿದೆ. ಅದರ ಒಳಗುಟ್ಟೂ ಹಳೆಯದೇ.

17ನೇ ಶತಮಾನದಲ್ಲಿ ಜರ್ಮನಿಯ ಒಟ್ಟೊ ಫಾನ್ ಗೆರಿಕೆ ಎರಡು ಲೋಹದ ಅರೆಗೋಳ ಜೋಡಿಸಿ, ಒಳಗಿನ ಗಾಳಿ ತೆಗೆದು, ಎರಡೂ ಕಡೆ ಎಂಟೆಂಟು ಕುದುರೆ ಕಟ್ಟಿ ಎಳೆಸಿದ. ಪ್ರಯೋಗ ನಿಜವೇ. ಆದರೆ ಒಂದು ಕಡೆಯನ್ನು ಗಟ್ಟಿ ಮರಕ್ಕೆ ಬಿಗಿದಿದ್ದರೂ 8 ಕುದುರೆಗಳಿಂದ ಅಷ್ಟೇ ಬಲ ಬೀಳುತ್ತಿತ್ತು. ಉಳಿದ 8 ಕುದುರೆ ನೋಡುವವರ ಕಣ್ಣಿಗೆ.

2006ರಲ್ಲಿ ಫೋಕ್ಸ್‌ವ್ಯಾಗನ್ ಟುವಾರೆಗ್ ಕಾರು ಸುಮಾರು 155 ಟನ್ನಿನ ಬೋಯಿಂಗ್ 747 ವಿಮಾನವನ್ನು ಎಳೆಯಿತು. ಸುಳ್ಳಲ್ಲ. ಆದರೆ ಎಳೆದದ್ದು ಸಮತಟ್ಟು ನೆಲದಲ್ಲಿ, ನಿಧಾನವಾಗಿ. ಅಂಥ ಕಡೆ ಟೈರಿನ ಮೇಲೆ ಉರುಳುವ ಭಾರಕ್ಕೆ ಬೇಕಾಗುವ ಬಲ ಅದರ ತೂಕದ ನೂರರಲ್ಲಿ ಒಂದು ಪಾಲಿನಷ್ಟು, ಅಂದರೆ ಇಲ್ಲಿ ಒಂದೂವರೆ ಟನ್. ಚಕ್ರ ಜಾರದಿರಲೆಂದು ಕಾರಿಗೆ 4 ಟನ್ನಿಗೂ ಹೆಚ್ಚು ಭಾರ ತುಂಬಿದ್ದರು. ಅದೇ ವಿಮಾನವನ್ನು 100 ಅಡಿಗೆ 5 ಅಡಿ ಏರುವ ರಸ್ತೆಯಲ್ಲಿ ಎಳೆಯಲು 9 ಟನ್ನಿಗೂ ಹೆಚ್ಚು ಬಲ ಬೇಕು. ಸುಮಾರು 7 ಟನ್ ತೂಗುವ ಕಾರಿನ ಚಕ್ರ ಅಲ್ಲಿ ಸುಮ್ಮನೆ ತಿರುಗುತ್ತದೆ.

2016ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಲ್ಯಾಂಡ್ ರೋವರ್ 100 ಟನ್ನಿನ ರೈಲು ಎಳೆದಿದ್ದು ಇನ್ನೂ ಸುಲಭದ ಕೆಲಸ. ಹಳಿಯ ಮೇಲೆ ಉಕ್ಕಿನ ಚಕ್ರ ಉರುಳಲು ತೂಕದ ಸಾವಿರದಲ್ಲಿ ಒಂದೆರಡು ಪಾಲು ಬಲ ಸಾಕು. 2019ರಲ್ಲಿ ಟೆಸ್ಲಾ ಸೈಬರ್‌ಟ್ರಕ್ ಫೋರ್ಡ್ ಪಿಕಪ್ಪನ್ನು ಹಿಂದಕ್ಕೆಳೆದ ವಿಡಿಯೊ ಬಂತು. ಇಂಥ ಹಗ್ಗಜಗ್ಗಾಟದಲ್ಲಿ ಹೆಚ್ಚಾಗಿ ಗೆಲ್ಲುವುದು ಎಂಜಿನ್ ಅಲ್ಲ, ಚಕ್ರದ ಮೇಲಿನ ತೂಕ ಮತ್ತು ಟೈರಿನ ಹಿಡಿತ.

ಈ ಯಾವ ಪ್ರದರ್ಶನವೂ ಭಾರ ಹೊತ್ತು ಇಳಿಯುವುದನ್ನು ತೋರಿಸಲಿಲ್ಲ. ನಮ್ಮಲ್ಲಿ ಜೀವಕ್ಕೆ ಸಂಚಕಾರ ಬರುವುದೇ ಅಲ್ಲಿ. ಇಳಿಜಾರಿನುದ್ದಕ್ಕೂ ಬ್ರೇಕ್ ಒತ್ತಿದರೆ ಅದು ಕಾದು ಹಿಡಿತ ಬಿಡುತ್ತದೆ. ಆಗುಂಬೆಯ 14 ತಿರುವುಗಳಲ್ಲಿ, ಮಳೆಗಾಲದ ಜಾರು ರಸ್ತೆಯಲ್ಲಿ ಬೇಕಾಗುವುದು ಚಿಕ್ಕ ಗೇರು, ಸರಿಯಾದ ಬ್ರೇಕು, ಮಿತಿಯೊಳಗಿನ ಲೋಡು.

ಶೋರೂಮಿಗೆ ಹೋದಾಗ ಮೂರು ಅಂಕಿ ಕೇಳಿ: ಲೋಡು ಸೇರಿ ಗಾಡಿಯ ಒಟ್ಟು ತೂಕದ ಮಿತಿ ಎಷ್ಟು? ಪೂರ್ತಿ ಲೋಡಿನಲ್ಲಿ ಎಷ್ಟು ಏರು ಹತ್ತುತ್ತದೆ? ಅದೇ ಲೋಡಿನಲ್ಲಿ ಬ್ರೇಕ್ ಹಾಕಿದರೆ ಎಷ್ಟು ದೂರದಲ್ಲಿ ನಿಲ್ಲುತ್ತದೆ? ಸಾಲದ ಕಾಗದಕ್ಕೆ ಸಹಿ ಆಮೇಲೆ.