ಹಳೆ ಹಾಡು, ಹೊಸ ಕೊರಳು

1974ರ ಏಪ್ರಿಲ್ 6. ಇಂಗ್ಲೆಂಡಿನ ಬ್ರೈಟನ್ ನಗರದಲ್ಲಿ ನಡೆದ ಯೂರೋವಿಷನ್ ಹಾಡಿನ ಸ್ಪರ್ಧೆಯಲ್ಲಿ ಸ್ವೀಡನ್ನಿನ ನಾಲ್ವರ ತಂಡವೊಂದು 'ವಾಟರ್ಲೂ' ಎಂಬ ಹಾಡು ಹಾಡಿ ಗೆದ್ದಿತು. ತಂಡದ ಹೆಸರು ಅಬ್ಬಾ. ಸರಿಯಾಗಿ 25 ವರ್ಷಗಳ ನಂತರ, 1999ರ ಏಪ್ರಿಲ್ 6ರಂದು, ಲಂಡನ್ನಿನ ಪ್ರಿನ್ಸ್ ಎಡ್ವರ್ಡ್ ರಂಗಮಂದಿರದಲ್ಲಿ ಅದೇ ತಂಡದ ಹಾಡುಗಳನ್ನು ಪೋಣಿಸಿ ಹೆಣೆದ 'ಮಮ್ಮಾ ಮಿಯಾ!' ನಾಟಕದ ತೆರೆ ಎದ್ದಿತು. ನಾಟಕ ಮುಗಿಯುವ ಹೊತ್ತಿಗೆ ಪ್ರೇಕ್ಷಕರು ಎದ್ದು ನಿಂತು ಕುಣಿಯುವುದು ಅಲ್ಲಿ ವಾಡಿಕೆಯೇ ಆಗಿಹೋಯಿತು.

ಅದೇ ವರ್ಷ ನಾಟಕದ ಪಾತ್ರಧಾರಿಗಳೇ ಹಾಡಿದ ಧ್ವನಿಮುದ್ರಿಕೆ ಅಂಗಡಿಗೆ ಬಂತು. ಇಂಥದ್ದಕ್ಕೆ ಅಲ್ಲಿನವರು 'ಕಾಸ್ಟ್ ಆಲ್ಬಂ' ಎನ್ನುತ್ತಾರೆ. ರಂಗಮಂದಿರದಲ್ಲಿ ಕುಣಿದವರಲ್ಲೇ ಕೆಲವರು ಮನೆಯಲ್ಲಿ ಅದನ್ನು ಕೇಳಿ ಮುಖ ಸಿಂಡರಿಸಿದರು. ಹಾಡು ಅದೇ, ರಾಗ ಅದೇ, ಆದರೆ ಕೊರಳು ಬೇರೆ. ಇನ್ನು ಕೆಲವರಿಗೆ ಆ ಬೇರೆ ಕೊರಳೇ ಹಿಡಿಸಿತು. ಹಾಡು ಯಾರ ಸೊತ್ತು ಎಂಬ ಜಗಳಕ್ಕೆ ಇದು ಮೂಲ.

ಜ್ಯೂಕ್‌ಬಾಕ್ಸ್ ಎಂದರೆ ಹೋಟೆಲುಗಳಲ್ಲಿ ಇರುತ್ತಿದ್ದ, ನಾಣ್ಯ ಹಾಕಿ ಗುಂಡಿ ಒತ್ತಿದರೆ ಬೇಕಾದ ಹಾಡು ನುಡಿಸುವ ಪೆಟ್ಟಿಗೆ. ಮೊದಲೇ ಜನಪ್ರಿಯವಾದ ಹಾಡುಗಳಿಗೆ ಕತೆ ಕಟ್ಟಿ ಆಡುವ ನಾಟಕಕ್ಕೆ ಆ ಪೆಟ್ಟಿಗೆಯ ಹೆಸರೇ ಅಂಟಿಕೊಂಡಿದೆ. ಬೇರು ಮಾತ್ರ ಇನ್ನೂ ಹಳೆಯದು. 1728ರಲ್ಲಿ ಲಂಡನ್ನಿನಲ್ಲಿ ಜಾನ್ ಗೇ ಬರೆದ 'ದಿ ಬೆಗರ್ಸ್ ಆಪೆರಾ' ಜನರ ಬಾಯಲ್ಲಿದ್ದ ಧಾಟಿಗಳನ್ನೇ ಎತ್ತಿಕೊಂಡು ಮೊದಲ ವರ್ಷವೇ 62 ಪ್ರದರ್ಶನ ಕಂಡಿತ್ತು. ಜನಪ್ರಿಯ ಮಟ್ಟಿಗೆ ಹೊಸ ಸಾಹಿತ್ಯ ಕೂರಿಸುವ ರೂಢಿ ನಮ್ಮ ಕಂಪೆನಿ ನಾಟಕಗಳಲ್ಲೂ ಇದ್ದುದನ್ನು ಹಿರಿಯರು ಬಲ್ಲರು. ವ್ಯತ್ಯಾಸ ಇಷ್ಟೆ: ಅಲ್ಲೆಲ್ಲ ಧಾಟಿ ಹಳೆಯದು, ಮಾತು ಹೊಸದು. ಜ್ಯೂಕ್‌ಬಾಕ್ಸ್ ನಾಟಕದಲ್ಲಿ ಧಾಟಿಯೂ ಮಾತೂ ಹಳೆಯವು, ಸಂದರ್ಭ ಮಾತ್ರ ಹೊಸದು.

ಪ್ಲೇಟಿನ ಕತೆ

ನಾಟಕದ ಹಾಡುಗಳನ್ನು ಬಿಡಿಬಿಡಿಯಾಗಿ ಪ್ಲೇಟುಗಳಲ್ಲಿ ಮುದ್ರಿಸುವುದು ಮೊದಲಿನಿಂದಲೂ ಇತ್ತು. ಇಡೀ ನಾಟಕದ ಹಾಡುಗಳನ್ನು ಮೂಲ ಪಾತ್ರಧಾರಿಗಳಿಂದಲೇ ಹಾಡಿಸಿ ಕಟ್ಟಾಗಿ ಮಾರುವುದನ್ನು ಅಮೆರಿಕದಲ್ಲಿ ಗಟ್ಟಿಗೊಳಿಸಿದ್ದು 1943ರ 'ಒಕ್ಲಹಾಮಾ!' ನಾಟಕ. ಆಗ ಅಲ್ಲಿನ ವಾದ್ಯಗಾರರ ಸಂಘ ಧ್ವನಿಮುದ್ರಣಕ್ಕೆ ಬಹಿಷ್ಕಾರ ಹಾಕಿತ್ತು. ರೇಡಿಯೋ ಮತ್ತು ಜ್ಯೂಕ್‌ಬಾಕ್ಸ್‌ಗಳು ತಮ್ಮ ಅನ್ನ ಕಸಿಯುತ್ತಿವೆ ಎಂಬುದು ಅವರ ದೂರು. ಡೆಕ್ಕಾ ಕಂಪೆನಿ ಸಂಘದೊಡನೆ ರಾಜಿಯಾದ ಮೇಲಷ್ಟೇ ಆ ನಾಟಕದ ಹಾಡುಗಳು ಆರು ಪ್ಲೇಟುಗಳ ಕಟ್ಟಾಗಿ ಹೊರಬಂದವು. ನ್ಯೂಯಾರ್ಕಿಗೆ ಹೋಗಲಾಗದವರು ಆ ಪ್ಲೇಟುಗಳಲ್ಲೇ ನಾಟಕವನ್ನು 'ನೋಡಿದರು'.

ಇಂಥ ಧ್ವನಿಮುದ್ರಿಕೆಗೆ ಹೋಲಿಸಲು ಹಿಂದಿನದು ಯಾವುದೂ ಇರಲಿಲ್ಲ. ಪಾತ್ರಧಾರಿ ಹಾಡಿದ್ದೇ ಮೂಲ. ಜ್ಯೂಕ್‌ಬಾಕ್ಸ್ ನಾಟಕದ ಧ್ವನಿಮುದ್ರಿಕೆಗೆ ಆ ಭಾಗ್ಯವಿಲ್ಲ. ಮೂಲ ಆಗಲೇ ಕೇಳುಗನ ಮನೆಯ ಕಪಾಟಿನಲ್ಲಿದೆ, ಕಿವಿಯಲ್ಲೂ ಇದೆ.

ಅಬ್ಬಾ ವಿಷಯದಲ್ಲಂತೂ ಹೋಲಿಕೆ ಇನ್ನೂ ಕಠಿಣ. ಆ ತಂಡದ ನಾದ ಹುಟ್ಟಿದ್ದು ವೇದಿಕೆಯಲ್ಲಲ್ಲ, ಸ್ಟುಡಿಯೋದಲ್ಲಿ. ಧ್ವನಿ ತಂತ್ರಜ್ಞ ಮೈಕೆಲ್ ಟ್ರೆಟೋ ವಾದ್ಯಗಳನ್ನು ಎರಡೆರಡು ಸಲ ಮುದ್ರಿಸಿ, ಟೇಪಿನ ವೇಗವನ್ನು ಕೂದಲೆಳೆಯಷ್ಟು ಬದಲಿಸಿ ಒಂದರ ಮೇಲೊಂದು ಕೂರಿಸುತ್ತಿದ್ದರು. ಆಗ್ನೆತಾ ಮತ್ತು ಆನಿ-ಫ್ರಿಡ್ ಅವರ ದನಿಗಳೂ ಹೀಗೆಯೇ ಪದರ ಪದರವಾಗಿ ಕೂಡುತ್ತಿದ್ದವು. ಈ ಹೊಳಪಿಗೆ ಒಗ್ಗಿದ ಕಿವಿಗೆ ನಾಟಕದ ಪಾತ್ರವೊಂದು ಒಂಟಿ ದನಿಯಲ್ಲಿ ಹಾಡಿದರೆ ಏನೋ ಕಳೆದುಹೋದಂತೆ ಅನಿಸಿದ್ದರೆ ಅದು ಬರೀ ಹಟವಲ್ಲ.

ಯಾರ ನೋವು?

ಜಗಳ ಹೆಚ್ಚು ಮೊನಚಾಗುವುದು 'ದಿ ವಿನ್ನರ್ ಟೇಕ್ಸ್ ಇಟ್ ಆಲ್' ಹಾಡಿನ ವಿಷಯದಲ್ಲಿ. ತಂಡದ ಬ್ಯೋರ್ನ್ ಮತ್ತು ಆಗ್ನೆತಾ ಗಂಡ ಹೆಂಡತಿ. 1979ರ ಆರಂಭದಲ್ಲಿ ತಾವು ಬೇರೆಯಾಗುತ್ತಿರುವುದಾಗಿ ಪ್ರಕಟಿಸಿದ್ದರು. ಮರುವರ್ಷ ಬ್ಯೋರ್ನ್ ಈ ಹಾಡಿಗೆ ಸಾಹಿತ್ಯ ಬರೆದರು, ಆಗ್ನೆತಾ ಹಾಡಿದರು. ಇದು ನಮ್ಮದೇ ಕತೆಯಲ್ಲ, ಕಲ್ಪನೆ ಎಂದು ಬ್ಯೋರ್ನ್ ಹೇಳುತ್ತ ಬಂದರೂ ಅಭಿಮಾನಿಗಳು ಅದರಲ್ಲಿ ಕೇಳುವುದು ಆಗ್ನೆತಾರ ನೋವನ್ನೇ.

ಸ್ವಾರಸ್ಯವೆಂದರೆ, ನಿರ್ಮಾಪಕಿ ಜೂಡಿ ಕ್ರೇಮರ್ ಅವರಿಗೆ ಅಬ್ಬಾ ಹಾಡುಗಳಲ್ಲಿ ನಾಟಕವಿದೆ ಎಂದು ಹೊಳೆದದ್ದು ಇದೇ ಹಾಡಿನಿಂದ. ಕ್ಯಾಥರಿನ್ ಜಾನ್ಸನ್ ಬರೆದ ಕತೆಯಲ್ಲಿ ಗ್ರೀಸಿನ ದ್ವೀಪವೊಂದರಲ್ಲಿ ಹೋಟೆಲು ನಡೆಸುವ ಡೋನಾ, ಹಿಂದೊಮ್ಮೆ ತನ್ನನ್ನು ಬಿಟ್ಟುಹೋದ ಸ್ಯಾಮ್‌ನ ಎದುರು ನಿಂತು ಇದನ್ನು ಹಾಡುತ್ತಾಳೆ. ಲಂಡನ್ನಿನ ಮೊದಲ ಡೋನಾ ಶಿವಾನ್ ಮೆಕಾರ್ಥಿ. ನಾಟಕ ನೋಡಿದವರಿಗೆ ಅದು ಡೋನಾಳ ನೋವು. ನೋಡದ ಅಭಿಮಾನಿಗೆ ಆಗ್ನೆತಾಳ ನೋವನ್ನು ಇನ್ನೊಬ್ಬಳು ಎರವಲು ಪಡೆದಂತೆ.

ಆದರೆ ಹೊಸ ಸಂದರ್ಭ ಹಾಡನ್ನು ಬೆಳೆಸಿದ್ದೂ ಉಂಟು. 1981ರ 'ಸ್ಲಿಪಿಂಗ್ ಥ್ರೂ ಮೈ ಫಿಂಗರ್ಸ್' ಶಾಲೆಗೆ ಹೊರಟ ಪುಟ್ಟ ಮಗಳನ್ನು ನೋಡುವ ತಾಯಿಯ ಹಾಡು. ನಾಟಕದಲ್ಲಿ ಮದುವೆಗೆ ಮಗಳನ್ನು ಸಿಂಗರಿಸುತ್ತ ಡೋನಾ ಅದನ್ನು ಹಾಡುತ್ತಾಳೆ. ಹೆಣ್ಣು ಒಪ್ಪಿಸಿಕೊಡುವ ಹೊತ್ತಿನಲ್ಲಿ ಕಣ್ಣು ಒರೆಸಿಕೊಂಡ ಯಾವ ತಾಯಿಗೂ ಇದನ್ನು ವಿವರಿಸಬೇಕಿಲ್ಲ.

ಮೂಲ ತಂಡವೇ ಜೊತೆಗಿದ್ದರೆ ಜಗಳ ತಪ್ಪುತ್ತದೆಯೇ? ಅದೂ ಇಲ್ಲ. 'ಒಕ್ಲಹಾಮಾ!' ಮೊದಲು ನಡೆದ ನ್ಯೂಯಾರ್ಕಿನ ಸೇಂಟ್ ಜೇಮ್ಸ್ ರಂಗಮಂದಿರದಲ್ಲೇ 2010ರಲ್ಲಿ 'ಅಮೆರಿಕನ್ ಈಡಿಯಟ್' ಆಡಿದರು. ಹಾಡುಗಳು ಗ್ರೀನ್ ಡೇ ಎಂಬ ಪಂಕ್ ರಾಕ್ ತಂಡದವು. ನಾಟಕದ ಧ್ವನಿಮುದ್ರಿಕೆಗೆ ವಾದ್ಯ ನುಡಿಸಿದ್ದೂ ಆ ತಂಡವೇ. ಅದಕ್ಕೆ 2011ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಆದರೂ ಒರಟುತನವನ್ನೇ ಮೆಚ್ಚಿದ್ದ ಪಂಕ್ ರಸಿಕರಿಗೆ ರಂಗನಟರ ತಿದ್ದಿದ ದನಿ ಒಗ್ಗುವುದು ಸುಲಭವಿರಲಿಲ್ಲ. ವಾದ್ಯ ಬದಲಾದರೆ ಕಿವಿ ಹೇಗೋ ಸಹಿಸುತ್ತದೆ, ಕೊರಳು ಬದಲಾದರೆ ಸಹಿಸುವುದಿಲ್ಲ.

ಹಾಗಾದರೆ ನಷ್ಟ ಯಾರಿಗೆ? ಲೆಕ್ಕ ನೋಡಿದರೆ ಯಾರಿಗೂ ಇಲ್ಲ. 1992ರಲ್ಲಿ ಬಂದಿದ್ದ 'ಅಬ್ಬಾ ಗೋಲ್ಡ್' ಸಂಕಲನ ನಾಟಕ ತೆರೆಕಂಡ 1999ರಲ್ಲಿ ಬ್ರಿಟನ್ನಿನ ಮಾರಾಟ ಪಟ್ಟಿಯ ತುದಿಗೆ ಮತ್ತೆ ಏರಿತು. ನಾಟಕ 2008ರಲ್ಲಿ ಸಿನಿಮಾ ಆದಾಗ ಮತ್ತೊಮ್ಮೆ ಏರಿತು. ಹೊಸ ಕೊರಳು ಕೇಳಿದವರು ಹಳೆಯದನ್ನು ಹುಡುಕಿಕೊಂಡು ಹೋದರು. ಅವರಲ್ಲಿ ಅಬ್ಬಾ ಹಾಡು ನಿಲ್ಲಿಸಿದ 1982ರಲ್ಲಿ ಇನ್ನೂ ಹುಟ್ಟಿರದವರೂ ಇದ್ದರು.

ಮೂಲದ ಅಭಿಮಾನಿ ಕಾವಲು ಕಾಯುವುದು ತನ್ನ ಪ್ರಾಯದ ನೆನಪನ್ನು, ಅದನ್ನು ತಪ್ಪೆನ್ನಲಾಗದು. ಆದರೆ ಅವನು ದೂರಿದ ಧ್ವನಿಮುದ್ರಿಕೆಯೇ ಅವನ ಮೆಚ್ಚಿನ ದನಿಗೆ ಮತ್ತೊಂದು ತಲೆಮಾರಿನ ಕೇಳುಗರನ್ನು ತಂದುಕೊಟ್ಟಿತು.